ಪ್ರತಿ ಸಲ ಬೇರೆ ಸಂಖ್ಯೆ: ನಿಂತುಹೋದ ಗೇಮ್ ಅಪ್‌ಡೇಟ್ ಸರಿ ಮಾಡಿಕೊಂಡ ನನ್ನ ಅನುಭವ

ಮೇ ತಿಂಗಳು. ಬಳ್ಳಾರಿಯಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವ ದಿನಗಳು. ನಮ್ಮ ಮನೆ ಕೌಲ್ ಬಜಾರ್ ಕಡೆ. ಕೆಳಗಡೆ ಅಣ್ಣನ ಜೀನ್ಸ್ ಹೊಲಿಗೆ ಯೂನಿಟ್ ಇದೆ, 12 ಮಷೀನು. ಅದಕ್ಕೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ನಮ್ಮ ಕಂಪ್ಯೂಟರ್. ಹಗಲು ಅದರಲ್ಲಿ ಅಣ್ಣನ ಬಿಲ್ಲು, ಲೆಕ್ಕ. ರಾತ್ರಿ ಒಂಬತ್ತಕ್ಕೆ ಮಷೀನುಗಳು ನಿಂತ ಮೇಲೆ ಅದು ನನ್ನದು.

ಒಂದೇ ಕಾಲೇಜಿನಲ್ಲಿ ಓದಿದ ಐದು ಜನ ನಾವು. ಈಗ ಒಬ್ಬ ಗಂಗಾವತಿಯಲ್ಲಿ, ಒಬ್ಬ ಹೊಸಪೇಟೆಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಭಾನುವಾರ ರಾತ್ರಿ ಒಂದು ಆನ್‌ಲೈನ್ ಗೇಮಿನಲ್ಲಿ ಸೇರುತ್ತೇವೆ. ಆಟಕ್ಕಿಂತ ಮಾತೇ ಜಾಸ್ತಿ. ಆದರೆ ಆನ್‌ಲೈನ್ ಗೇಮಿಗೆ ಒಂದು ಕಟ್ಟುನಿಟ್ಟು ಇರುತ್ತದೆ. ಸರ್ವರ್‌ನಲ್ಲಿ ಯಾವ ವರ್ಷನ್ ಇದೆಯೋ ಆಡುವವರೆಲ್ಲರ ಬಳಿಯೂ ಅದೇ ಇರಬೇಕು. ಅಪ್‌ಡೇಟ್ ಆಗದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಆ ವಾರ ನನ್ನನ್ನು ನಿಲ್ಲಿಸಿತು.

11 ಜಿಬಿ ಅಪ್‌ಡೇಟ್. ಡೌನ್‌ಲೋಡ್ ಪೂರ್ತಿ ಆಯಿತು. ಇನ್‌ಸ್ಟಾಲ್ ಆಗುವಾಗ ಅರ್ಧಕ್ಕೇ ನಿಂತು, ಡಿಸ್ಕ್‌ಗೆ ಬರೆಯಲು ಆಗುತ್ತಿಲ್ಲ ಅಂತ ಮೆಸೇಜ್ ಬಂತು. ಗ್ರೂಪಿನಲ್ಲಿ ಹಾಕಿದೆ. ಎಲ್ಲರದೂ ಒಂದೇ ಉತ್ತರ: ತೆಗೆದುಹಾಕಿ ಮತ್ತೆ ಹಾಕು.

ಬೆಂಗಳೂರಿನವರಿಗೆ ಅದು ಸುಲಭ. ನನ್ನ ಗೇಮ್ ಫೋಲ್ಡರ್ 92 ಜಿಬಿ. ನಮ್ಮ ಮನೆಯ ಇಂಟರ್‌ನೆಟ್‌ಗೆ ತಿಂಗಳ ಮಿತಿ ಇದೆ, ಮುಗಿದರೆ ಸ್ಪೀಡ್ ಕುಸಿಯುತ್ತದೆ. ಪಾರ್ಟಿಗಳು ಅಣ್ಣನಿಗೆ ಡಿಸೈನ್ ಫೋಟೋ ಕಳಿಸುವುದೂ ಅದೇ ಲೈನಿನಲ್ಲಿ. ಮೊಬೈಲ್ ಡೇಟಾದಲ್ಲಿ ಇಳಿಸೋಣ ಅಂದರೆ ದಿನಕ್ಕೆ 2 ಜಿಬಿ, ಅಂದರೆ 46 ದಿನ. ಹಾಗಾಗಿ ತೆಗೆದುಹಾಕೋ ಮಾತೇ ಬೇಡ, ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡೇ ಬಿಡೋಣ ಅಂತ ಕೂತೆ.

ಅಪ್‌ಡೇಟ್ ಅಂದರೆ ನಮಗೆ ಕಾಣುವುದು ಒಂದೇ ಗೆರೆ, ಎಡದಿಂದ ಬಲಕ್ಕೆ ತುಂಬುತ್ತಾ ಹೋಗುತ್ತದೆ. ಒಳಗೆ ನಡೆಯುವ ಕೆಲಸ ಮಾತ್ರ ನಾಲ್ಕು. ಮೊದಲು ಸಣ್ಣ ಸಣ್ಣ ತುಂಡುಗಳಾಗಿ ಡೇಟಾ ಇಳಿಯುತ್ತದೆ. ಪ್ರತಿ ತುಂಡಿಗೂ ಹ್ಯಾಶ್ ಅಂತ, ಅದರ ಡೇಟಾದಿಂದಲೇ ಲೆಕ್ಕ ಹಾಕಿದ ಒಂದು ಗುರುತು ಇರುತ್ತದೆ, ಅದನ್ನು ತಾಳೆ ನೋಡುತ್ತದೆ. ಆಮೇಲೆ ಒತ್ತಿ ಕಟ್ಟಿದ ತುಂಡುಗಳನ್ನು ಬಿಚ್ಚಿ, ಹಳೆ ಫೈಲಿನ ಜೊತೆ ಜೋಡಿಸಿ ಹೊಸ ಫೈಲ್ ಬರೆಯುತ್ತದೆ. ಕೊನೆಗೆ ಹಳೆಯದನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಇದು ನಮ್ಮ ಹೊಲಿಗೆಯ ಥರವೇ. ಕಟಿಂಗ್‌ನಿಂದ ಬರುವ ಪ್ರತಿ ಪೀಸಿಗೂ ನಂಬರಿನ ಚೀಟಿ ಅಂಟಿಸಿರುತ್ತಾರೆ. ಪ್ಯಾಂಟಿನ ಮುಂಭಾಗದ ಪೀಸು, ಹಿಂಭಾಗದ ಪೀಸು ಎರಡರ ನಂಬರೂ ಒಂದೇ ಇದ್ದರೆ ಮಾತ್ರ ಕೂಡಿಸಿ ಹೊಲಿಯಬೇಕು. ಇಲ್ಲದಿದ್ದರೆ ಮುಂಭಾಗ ತಿಳಿ ನೀಲಿ, ಹಿಂಭಾಗ ಕಡು ನೀಲಿ. ಗೇಮನ್ನು ಇಳಿಸಿ ಅಪ್‌ಡೇಟ್ ಮಾಡುವ ಪ್ರೋಗ್ರಾಂ, ಅಂದರೆ ಲಾಂಚರ್ ಕೂಡ ನಂಬರ್ ತಾಳೆಯಾಗದ ತುಂಡನ್ನು ಹೊಲಿಯಲು ಒಪ್ಪುವುದಿಲ್ಲ. ಅದು ನಿಂತಿದ್ದು ಒಳ್ಳೆಯದಕ್ಕೇ.

ನನ್ನ ಮೊದಲ ತೊಡಕು ಜಾಗದ್ದು. ಡಿಸ್ಕ್‌ನಲ್ಲಿ 19 ಜಿಬಿ ಖಾಲಿ ಇತ್ತು. 11 ಜಿಬಿ ಅಪ್‌ಡೇಟ್‌ಗೆ ಅಷ್ಟು ಸಾಕಲ್ವಾ ಅನ್ನಿಸುತ್ತದೆ. ಸಾಲುವುದಿಲ್ಲ. ಈ ಗೇಮಿನ ಫೋಲ್ಡರ್‌ನಲ್ಲಿ ಒಂದೇ ಫೈಲು 30 ಜಿಬಿ ಹತ್ತಿರ ಇದೆ. ಅದರಲ್ಲಿ ಒಂದು ಮೂಲೆ ಬದಲಾದರೂ ಲಾಂಚರ್ ಪೂರ್ತಿ ಫೈಲನ್ನು ಪಕ್ಕದಲ್ಲಿ ಹೊಸದಾಗಿ ಬರೆಯುತ್ತದೆ. ಅದು ಮುಗಿಯುವ ತನಕ ಹಳೆಯದು ಇದ್ದೇ ಇರುತ್ತದೆ. ಇಳಿಸಿದ 11, ಹೊಸದಾಗಿ ಬರೆಯಲು 30. ಹಳೆ ಮ್ಯಾಚ್‌ಗಳ ವಿಡಿಯೋ ರೆಕಾರ್ಡಿಂಗ್ ಅಳಿಸಿ 70 ಜಿಬಿ ಖಾಲಿ ಮಾಡಿದೆ. ಮತ್ತೆ ಓಡಿಸಿದಾಗ ಮೊದಲಿಗಿಂತ ಮುಂದೆ ಹೋಗಿ ನಿಂತಿತು. ಮೆಸೇಜೂ ಬದಲಾಗಿತ್ತು: ಫೈಲ್ ಹಾಳಾಗಿದೆ.

ಮೆಸೇಜ್ ಬದಲಾಗುವುದು ದೊಡ್ಡ ಸುಳಿವು. ಒಂದು ಗಂಟು ಬಿಚ್ಚಿದೆ, ಈಗ ಎರಡನೆಯದರ ಹತ್ತಿರ ಬಂದಿದ್ದೇವೆ ಅಂತ ಅರ್ಥ. ಅದಕ್ಕೇ ಎರರ್ ಬಂದಾಗಲೆಲ್ಲ ನಾನು ಮೊಬೈಲಿನಲ್ಲಿ ಫೋಟೋ ಹೊಡೆದು ಇಡುತ್ತೇನೆ.

ಆಂಟಿವೈರಸ್ ನೋಡಿದೆ. ತುಂಬಾ ಜನ ಅದನ್ನು ಸುಮ್ನೆ ಆಫ್ ಮಾಡಿ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಏನನ್ನಾದರೂ ತಡೆದಿದ್ದರೆ ಅದರ ಹಿಸ್ಟರಿಯಲ್ಲಿ ಬರೆದಿರುತ್ತದೆ, ಓದಿದರೆ ಗೊತ್ತಾಗುತ್ತದೆ. ಗೇಮಿನದೇ ಫೈಲನ್ನು ಹಿಡಿದಿದ್ದರೆ ಆ ಫೋಲ್ಡರ್ ಒಂದಕ್ಕೆ ಮಾತ್ರ ವಿನಾಯಿತಿ ಕೊಡಿ. ನನ್ನದರಲ್ಲಿ ಏನೂ ಇರಲಿಲ್ಲ. ಕಾಣೆಯಾದ ಡಿಎಲ್‌ಎಲ್ ಫೈಲ್ (ಪ್ರೋಗ್ರಾಂಗಳು ಓಡಲು ಬೇಕಾಗುವ ಫೈಲ್) ಇಲ್ಲಿದೆ, ಇಳಿಸಿಕೊಳ್ಳಿ ಅನ್ನುವ ಸೈಟುಗಳ ಕಡೆ ತಲೆ ಹಾಕಲೇಬೇಡಿ. ಅಣ್ಣನ ಬ್ಯಾಂಕ್ ವ್ಯವಹಾರವೂ ಇದೇ ಕಂಪ್ಯೂಟರಿನಲ್ಲಿ. ಆ ಅಪಾಯ ನನಗೆ ಬೇಕಾಗಿರಲಿಲ್ಲ.

ವೈಫೈ ಬಿಟ್ಟು ಕೇಬಲ್ ಹಾಕಿದೆ. ಅದೇ ಎರರ್. ಗಡಿಯಾರ ಸರಿ ಇತ್ತು. ಗಡಿಯಾರ ಯಾಕೆ ಅಂದರೆ, ಹೊಸಪೇಟೆಯ ಗೆಳೆಯನಿಗೆ ಹಿಂದಿನ ವರ್ಷ ಯಾವ ಅಪ್‌ಡೇಟೂ ಶುರುವೇ ಆಗುತ್ತಿರಲಿಲ್ಲ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತು, ಕರೆಂಟ್ ಹೋದಾಗಲೆಲ್ಲ ತಾರೀಖು ವರ್ಷಗಳಷ್ಟು ಹಿಂದಕ್ಕೆ ಓಡುತ್ತಿತ್ತು. ತಾರೀಖು ತಪ್ಪಿದರೆ ಸರ್ವರ್‌ನ ಸೆಕ್ಯುರಿಟಿ ಸರ್ಟಿಫಿಕೇಟನ್ನು ಕಂಪ್ಯೂಟರ್ ನಂಬುವುದಿಲ್ಲ. 3 ವೋಲ್ಟಿನ, ನಾಣ್ಯದಂಥ ಸಿಆರ್ 2032 ಬ್ಯಾಟರಿ ಬದಲಿಸಿದ, ಸರಿಹೋಯಿತು.

ಇಷ್ಟೆಲ್ಲ ಆದ ಮೇಲೆ ಲಾಂಚರ್‌ನಲ್ಲಿರುವ ಫೈಲ್ ಪರಿಶೀಲನೆ ಒತ್ತಿದೆ. ಹೆಚ್ಚುಕಡಿಮೆ ಎಲ್ಲ ಲಾಂಚರ್‌ಗಳಲ್ಲೂ ಇದು ಇರುತ್ತದೆ, ವೆರಿಫೈ ಅಥವಾ ರಿಪೇರ್ ಅನ್ನುವ ಹೆಸರಲ್ಲಿ. ನಿಜ ಹೇಳಬೇಕೆಂದರೆ ಮೊದಲೇ ಒತ್ತಬೇಕಿತ್ತು. ಇದು ಡಿಸ್ಕ್‌ನಲ್ಲಿರುವ ಪ್ರತಿ ಫೈಲಿನ ಹ್ಯಾಶ್ ಲೆಕ್ಕ ಹಾಕಿ, ಕೆಟ್ಟಿದ್ದನ್ನು ಮಾತ್ರ ಮತ್ತೆ ತರಿಸುತ್ತದೆ. ಮೂರು ಫೈಲ್ ಕೆಟ್ಟಿವೆ ಅಂತ ಹೇಳಿ ತರಿಸಿಕೊಂಡಿತು. ಅಪ್‌ಡೇಟ್ ಒತ್ತಿದೆ, ಮತ್ತೆ ಅದೇ ಮೆಸೇಜ್. ಮತ್ತೆ ಪರಿಶೀಲನೆ. ಏಳು ಫೈಲ್. ಇನ್ನೊಮ್ಮೆ ಮಾಡಿದೆ. ಎರಡು.

ಅಣ್ಣನ ಕಟಿಂಗ್ ಪೇಪರಿನ ತುಂಡಿನ ಮೇಲೆ ಬರೆದಿಟ್ಟೆ: ಮೂರು, ಏಳು, ಎರಡು. ನೋಡುತ್ತಾ ಕೂತೆ. ರಾತ್ರಿ ಹನ್ನೊಂದೂವರೆ, ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಲಾಂಚರ್ ತನ್ನ ಕೆಲಸವನ್ನು ಬರೆದಿಡುವ ಲಾಗ್ ಫೈಲ್ ತೆರೆದು ಹೆಸರು ನೋಡಿದೆ. ಪ್ರತಿ ಸಲ ಬೇರೆ ಬೇರೆ ಫೈಲುಗಳು. ಮೊದಲ ಸಲ ಸರಿ ಇದೆ ಅಂದಿದ್ದನ್ನು ಎರಡನೇ ಸಲ ಕೆಟ್ಟಿದೆ ಅನ್ನುತ್ತಿದೆ. ನಡುವೆ ಅದನ್ನು ಯಾರೂ ಮುಟ್ಟಿಲ್ಲ.

ಡಿಸ್ಕ್‌ನ ಒಂದು ಜಾಗ ಕೆಟ್ಟಿದ್ದರೆ ಪ್ರತಿ ಸಲವೂ ಅದೇ ಫೈಲಿನಲ್ಲಿ ತಪ್ಪು ಬರಬೇಕು. ಇಲ್ಲಿ ತಪ್ಪು ಜಾಗ ಬದಲಿಸುತ್ತಿದೆ. ಅಂದರೆ ಫೈಲ್ ಇದ್ದಲ್ಲಿ ಸರಿಯಾಗೇ ಇರಬಹುದು, ಓದಿ ಲೆಕ್ಕ ಹಾಕುವ ದಾರಿಯಲ್ಲಿ ಕೆಡುತ್ತಿದೆ. ಆ ದಾರಿಯಲ್ಲಿ ಇರುವುದು ಡಿಸ್ಕ್‌ನ ಕೇಬಲ್ಲು, ಕೆಲಸದ ಹೊತ್ತಿಗೆ ಡೇಟಾ ಇಟ್ಟುಕೊಳ್ಳುವ ರ‍್ಯಾಮು, ಪ್ರೊಸೆಸರು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ರಿಪೋರ್ಟಿನಲ್ಲಿ ಯುಡಿಎಂಎ ಸಿಆರ್‌ಸಿ ಎರರ್ ಅನ್ನುವ ಒಂದು ಲೆಕ್ಕ ಇರುತ್ತದೆ. ಕೇಬಲ್ ತೊಂದರೆ ಇದ್ದರೆ ಅದು ಏರುತ್ತಾ ಹೋಗುತ್ತದೆ. ಪರಿಶೀಲನೆಗೆ ಮೊದಲೂ ಆಮೇಲೂ ನೋಡಿದೆ, ಒಂದೂ ಏರಲಿಲ್ಲ. ಉಳಿದದ್ದರಲ್ಲಿ ಜಾಸ್ತಿ ಅನುಮಾನ ರ‍್ಯಾಮಿನ ಮೇಲೆ.

ಆಗ ನನಗೆ ಗೇಮ್ ಮರೆತೇ ಹೋಯಿತು. ಗೇಮಿನ ಫೈಲಿಗಾದರೆ ಹ್ಯಾಶ್ ಇದೆ, ತಪ್ಪು ಸಿಕ್ಕಿಬೀಳುತ್ತದೆ. ಅಣ್ಣನ ಬಿಲ್ಲಿನ ಎಕ್ಸೆಲ್ ಫೈಲಿಗೆ ಯಾರು ಕಾವಲು? ಒಂದು ಅಂಕಿ ತಿರುಚಿ ಸೇವ್ ಆದರೆ ಕೇಳುವವರೇ ಇಲ್ಲ. ಬೆಳಿಗ್ಗೆ ಅಣ್ಣನಿಗೆ ವಿಷಯ ಹೇಳಿದೆ. ಎರಡು ದಿನ ಇದರಲ್ಲಿ ಏನೂ ಸೇವ್ ಮಾಡಬೇಡ, ಕೈಬಿಲ್ ಬರಿ ಅಂದೆ. ಗೇಮ್ ಆಡಿ ಕೆಡಿಸಿದೆ ಅಂತ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಸುಮ್ಮನೆ ಬಿಲ್ ಪುಸ್ತಕ ತೆಗೆದ.

ರ‍್ಯಾಮ್ ಪರೀಕ್ಷಿಸಲು ಮೆಮ್‌ಟೆಸ್ಟ್ 86 ಅನ್ನುವ ಒಂದು ಪ್ರೋಗ್ರಾಂ ಇದೆ. ಪೆನ್‌ಡ್ರೈವ್‌ನಿಂದ ನೇರವಾಗಿ ಶುರುವಾಗುತ್ತದೆ, ವಿಂಡೋಸ್ ಬೇಕಾಗಿಲ್ಲ. ಅನುಮಾನ ಇರುವ ಕಂಪ್ಯೂಟರಿನಲ್ಲೇ ಪೆನ್‌ಡ್ರೈವ್ ತಯಾರಿಸುವುದು ಸರಿಯಲ್ಲ ಅಂತ ಪಕ್ಕದ ಮನೆಯವರ ಲ್ಯಾಪ್‌ಟಾಪಿನಲ್ಲಿ ಮಾಡಿಸಿಕೊಂಡೆ. ರಾತ್ರಿ ಹಚ್ಚಿದೆ. ಹತ್ತು ನಿಮಿಷಕ್ಕೇ ಎರರ್‌ನ ಕೆಂಪು ಸಾಲುಗಳು. ಹೊಟ್ಟೆಯೊಳಗೆ ಕಸಿವಿಸಿ ಆಯಿತು, ಆದರೆ ಕಾರಣ ಸಿಕ್ಕಿತಲ್ಲ ಅನ್ನುವ ಸಮಾಧಾನವೂ ಆಯಿತು.

ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಎಕ್ಸ್‌ಎಂಪಿ ಆಫ್ ಮಾಡಿದೆ. ರ‍್ಯಾಮನ್ನು ಜಾಸ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಅದು, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನನ್ನದರಲ್ಲಿ ಎರರ್ ಕಡಿಮೆಯಾಯಿತು, ನಿಲ್ಲಲಿಲ್ಲ. ನನ್ನ ಬಳಿ 8 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳಿವೆ, ಮದರ್‌ಬೋರ್ಡಿನ ಸ್ಲಾಟ್ ಅನ್ನುವ ಸೀಳುಗಳಲ್ಲಿ ಕೂರುತ್ತವೆ. ಒಂದನ್ನು ತೆಗೆದು ಒಂದನ್ನೇ ಪರೀಕ್ಷಿಸಿದೆ. ಎರಡನೇ ಸ್ಲಾಟಿನಲ್ಲಿ ಮೊದಲ ಕಡ್ಡಿ: ಎರರ್ ಇಲ್ಲ. ಅಲ್ಲೇ ಇನ್ನೊಂದು ಕಡ್ಡಿ: ಇಲ್ಲ. ನಾಲ್ಕನೇ ಸ್ಲಾಟಿಗೆ ಹಾಕಿದರೆ ಎರಡೂ ಕಡ್ಡಿಯಲ್ಲಿ ಎರರ್. ಕಡ್ಡಿಗಳು ಚೆನ್ನಾಗಿವೆ, ಸ್ಲಾಟಿನಲ್ಲಿ ಏನೋ ಇದೆ. ಮೊದಲ ಎರರ್ ನೋಡಿದಾಗಲೇ ಹೊಸ ರ‍್ಯಾಮ್ ತಂದಿದ್ದರೆ ದುಡ್ಡೂ ಹೋಗುತ್ತಿತ್ತು, ತೊಂದರೆಯೂ ಉಳಿಯುತ್ತಿತ್ತು.

ಮೊಬೈಲಿನ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಸ್ಲಾಟಿನ ಸೀಳಿನೊಳಗೆ, ಒಂದು ತುದಿಯಲ್ಲಿ, ಸಣ್ಣ ಬತ್ತಿಯ ಹಾಗೆ ಏನೋ ಒತ್ತಿ ಕೂತಿತ್ತು. ನೀಲಿ ಬಣ್ಣ. ಜೀನ್ಸ್ ಬಟ್ಟೆಯ ನಾರು. ಪಕ್ಕದ 12 ಮಷೀನಿನಿಂದ ದಿನವಿಡೀ ಹಾರುವ ಧೂಳು ಅದು. ನಮ್ಮ ಮೂಗಿನಲ್ಲಿ, ಕಿಟಕಿ ಜಾಳಿಗೆಯಲ್ಲಿ ಎಲ್ಲ ಕಡೆ ಇರುತ್ತದೆ. ಕ್ಯಾಬಿನೆಟ್ಟಿನ ಫ್ಯಾನ್ ಅದನ್ನೇ ಒಳಗೆಳೆದು, ಚಳಿಗಾಲದಲ್ಲಿ ನಾನು ಹೊಸ ಕಡ್ಡಿ ಹಾಕುವ ಮೊದಲೇ ಖಾಲಿ ಸ್ಲಾಟಿನಲ್ಲಿ ಸೇರಿಸಿತ್ತು. ಕಡ್ಡಿ ಒತ್ತಿದಾಗ ಅದು ಕೆಳಗೆ ಹೋಗಿ ಗಟ್ಟಿಯಾಗಿತ್ತು. ಪ್ರೊಸೆಸರಿನ ಹೀಟ್‌ಸಿಂಕ್ ಮೇಲೆ ಅಂತೂ ತೆಳು ನೀಲಿ ಕಂಬಳಿಯೇ ಹಾಸಿತ್ತು.

ಸ್ವಚ್ಛ ಮಾಡಿದ್ದು ಹೀಗೆ. ಪವರ್ ವೈರ್ ಗೋಡೆಯಿಂದಲೇ ಕಿತ್ತೆ. ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಮೈಯಲ್ಲಿರುವ ಸ್ಥಿರ ವಿದ್ಯುತ್ ಚಿಪ್ಪಿಗೆ ಹೊಡೆಯಬಾರದು ಅಂತ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿಕೊಂಡೇ ಕೆಲಸ ಮಾಡಿದೆ. ನಾರನ್ನು ಪಿನ್ನಿನಿಂದ ಕೀಳಲು ಹೋಗಲಿಲ್ಲ, ಒಳಗಿನ ತಂತಿಗಳು ತುಂಬಾ ಸೂಕ್ಷ್ಮ. ಒಣ ಮೆತ್ತನೆ ಬ್ರಷ್ಷು, ಕೈಯಲ್ಲಿ ಹಿಂಡುವ ಬ್ಲೋವರ್ರು, ಇವೆರಡರಿಂದ ನಿಧಾನಕ್ಕೆ ಸಡಿಲ ಮಾಡಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು ಒಂದು ಗಂಟೆ ಒಣಗಲು ಬಿಟ್ಟೆ. ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜುವ ರೂಢಿ ಇದೆ. ಆ ಲೇಪ ತುಂಬಾ ತೆಳು, ನಾನು ಉಜ್ಜುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನಾರು ಬಿಡದ ಬಟ್ಟೆಯಿಂದ ಒರೆಸಿದೆ.

ಎರಡೂ ಕಡ್ಡಿ ಹಾಕಿ, ಟಕ್ ಅಂತ ಎರಡೂ ಕಡೆ ಲಾಕ್ ಬಿದ್ದಿದ್ದು ಕೇಳಿಸಿಕೊಂಡು, ಮತ್ತೆ ಮೆಮ್‌ಟೆಸ್ಟ್. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. 16 ಜಿಬಿಗೆ ರಾತ್ರಿಯೆಲ್ಲ ಬೇಕಾಯಿತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ ಶುರು ಅನ್ನುವ ಭಯ ಇತ್ತು, ಹೋಗಲಿಲ್ಲ. ಬೆಳಿಗ್ಗೆ ಒಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಬಂದು ನೋಡಿದರೆ, ನಾಲ್ಕೂ ಸುತ್ತು ಮುಗಿದು ಎರರ್ ಸೊನ್ನೆ. ತಟ್ಟೆ ಹಿಡಿದುಕೊಂಡೇ ಅಣ್ಣನನ್ನು ಕರೆದು ತೋರಿಸಿದೆ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ರ‍್ಯಾಮಿನಲ್ಲಿ ಎರರ್ ಬರುತ್ತಿದ್ದ ದಿನಗಳಲ್ಲಿ ವಿಂಡೋಸ್ ಫೈಲುಗಳೂ ಕೆಟ್ಟಿರಬಹುದು ಅಂತ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದೆ. ಕೆಲವು ಫೈಲ್ ಸರಿಪಡಿಸಿದೆ ಅಂತ ತೋರಿಸಿತು. ಗೇಮಿನ ಪರಿಶೀಲನೆಯಲ್ಲಿ ನಾಲ್ಕು ಫೈಲ್ ನಿಜಕ್ಕೂ ಕೆಟ್ಟಿದ್ದವು. ಅವನ್ನು ತರಿಸಿಕೊಳ್ಳಲು 1 ಜಿಬಿಯೂ ಖರ್ಚಾಗಲಿಲ್ಲ. ಮತ್ತೆ ಪರಿಶೀಲಿಸಿದೆ: ಸೊನ್ನೆ. ಇನ್ನೊಮ್ಮೆ: ಸೊನ್ನೆ. ಅಪ್‌ಡೇಟ್ 40 ನಿಮಿಷಕ್ಕೆ ಕೂತಿತು. ಮೊದಲ ಸಲ ತೆರೆದಾಗ, ಚಿತ್ರ ಮೂಡಿಸುವ ಶೇಡರ್ ಅನ್ನುವ ಸಣ್ಣ ಪ್ರೋಗ್ರಾಂಗಳು ತಯಾರಾಗುತ್ತಾ ಬಹಳ ಹೊತ್ತು ಅಲ್ಲೇ ನಿಂತಂತೆ ಕಾಣುತ್ತದೆ. ಆಗ ಮುಚ್ಚಬೇಡಿ, ಬಿಡಿ, ತಾನಾಗೇ ಮುಂದೆ ಹೋಗುತ್ತದೆ.

ಅಣ್ಣ, ನಾನು ಇಬ್ಬರೂ ಕೂತು ಆ ತಿಂಗಳ ಬಿಲ್ಲುಗಳನ್ನು ಬಿಲ್ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿದೆವು. ಎಲ್ಲ ಸರಿ ಇದ್ದವು. ಕಂಪ್ಯೂಟರನ್ನು ಈಗ ಮಹಡಿಗೆ ಸಾಗಿಸಿದ್ದೇವೆ, ಗಾಳಿ ಒಳಬರುವ ಕಡೆ ಫೋಮ್ ಫಿಲ್ಟರ್ ಇದೆ. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ತೊಳೆಯುತ್ತೇನೆ. ತೊಳೆದ ನೀರು ಈಗಲೂ ನೀಲಿಯೇ.