ರೋಡ್ ಐಲೆಂಡ್‌ನಿಂದ ಹಿಡಿದರೆ ಅಮೆರಿಕದ ಸಂವಿಧಾನ ತಲೆಗೆ ಹತ್ತುತ್ತೆ: ನನ್ನ ಅನುಭವ

ಅಮೆರಿಕದ ಸಂವಿಧಾನವನ್ನು ರಾಜ್ಯಗಳ ಇತಿಹಾಸ ಹಿಡಿದು ಪಾಠ ಮಾಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. ಐವತ್ತು ರಾಜ್ಯ, ಒಂದೇ ಸೆಮಿಸ್ಟರ್, ಪೋರ್ಷನ್ ಮುಗಿದ ಹಾಗೇ ಅಂತ. ಮುಗಿಸಿದೆ. ಹತ್ತು ಹನ್ನೆರಡು ರಾಜ್ಯ ಸಾಕು. ಈ ಸಲ ನನ್ನ ಎಲ್‌ಎಲ್‌ಎಂ ಹುಡುಗರ ಉತ್ತರ ಪತ್ರಿಕೆ ನೋಡಿ ಅದೇ ಜನ ನೋಟ್ಸ್ ಕೇಳುತ್ತಿದ್ದಾರೆ.

ಮೊದಲ ವರ್ಷ ಪೂರ್ತಿ ತೋಪಾಗಿತ್ತು. ರಾಜ್ಯಗಳು ಸಂವಿಧಾನ ಒಪ್ಪಿದ ಕ್ರಮದಲ್ಲೇ ಹೋಗೋಣ ಅಂತ 1787ರ ಡೆಲವೇರ್‌ನಿಂದ ಹಿಡಿದೆ. ಅವರು ಒಂದೂ ವಿರೋಧ ಮತವಿಲ್ಲದೆ ಒಪ್ಪಿಬಿಟ್ಟಿದ್ದರು. ಜಗಳವೇ ಇಲ್ಲದ ಕಡೆ ಹೇಳೋಕೆ ಏನಿರುತ್ತೆ? ಮೂರ್ನಾಲ್ಕು ವಾರಕ್ಕೆ ಅರ್ಧ ಕ್ಲಾಸ್ ಖಾಲಿ. ಸಾಲದ್ದಕ್ಕೆ ಕೇಸ್‌ಬುಕ್‌ಗಳಿಗೆ ಹದಿನೈದೋ ಹದಿನಾರೋ ಸಾವಿರ ಕೈಯಿಂದ ಹಾಕಿದ್ದೆ, ಅವು ಈಗ ಬೀರು ಮೇಲೆ ಧೂಳು ತಿನ್ನುತ್ತಿವೆ. ತೀರ್ಪುಗಳೆಲ್ಲ ನೆಟ್‌ನಲ್ಲಿ ಪುಕ್ಕಟೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೇ ಪತ್ರಿಕೆಗಳೂ ಅಷ್ಟೇ. ಈಗ ಖರ್ಚು ಅಂದರೆ ಜೆರಾಕ್ಸ್, ಹೆಚ್ಚೆಂದರೆ ಆರೇಳು ನೂರು.

ಆಮೇಲೆ ಉಲ್ಟಾ ಹೊಡೆದೆ. ಮೊದಲಿನ ಹದಿಮೂರು ರಾಜ್ಯಗಳಲ್ಲಿ ಕೊನೆಗೆ ಒಪ್ಪಿದ ರೋಡ್ ಐಲೆಂಡ್‌ನಿಂದಲೇ ಶುರು. ಸಂವಿಧಾನ ಬರೆದ ಫಿಲಡೆಲ್ಫಿಯಾ ಸಭೆಗೆ ಒಬ್ಬ ಪ್ರತಿನಿಧಿಯನ್ನೂ ಕಳಿಸದ ರಾಜ್ಯ, 1790ರಲ್ಲಿ 34-32 ಮತದಲ್ಲಿ ಒಲ್ಲದ ಮನಸ್ಸಿಂದ ಒಳಗೆ ಬಂತು. 1840ರ ಹೊತ್ತಿಗೂ ಅಲ್ಲಿ ಇಂಗ್ಲೆಂಡಿನ ರಾಜ 1663ರಲ್ಲಿ ಕೊಟ್ಟ ಸನ್ನದೇ ಸಂವಿಧಾನ, ಆಸ್ತಿ ಇಲ್ಲದವರಿಗೆ ವೋಟಿಲ್ಲ, ಹಾಗಾಗಿ ಎಲ್ಲರಿಗೂ ವೋಟು ಬೇಕು ಅಂತ ಎದ್ದ ಥಾಮಸ್ ಡಾರ್ ಕಡೆಯವರು ತಾವೇ ಒಂದು ಸಂವಿಧಾನ ಬರೆದು ಚುನಾವಣೆಯನ್ನೂ ಮಾಡಿಬಿಟ್ಟರು. 1842ರಲ್ಲಿ ಒಂದು ರಾಜ್ಯಕ್ಕೆ ಇಬ್ಬರು ಗವರ್ನರು! ಹಳೇ ಸರ್ಕಾರದ ಪಡೆಯ ಲೂಥರ್ ಬಾರ್ಡನ್, ಡಾರ್ ಕಡೆಯ ಮಾರ್ಟಿನ್ ಲೂಥರ್ ಮನೆಯ ಬಾಗಿಲು ಒಡೆದು ನುಗ್ಗಿದ. ಅದು ಅತಿಕ್ರಮವೋ ಡ್ಯೂಟಿಯೋ? ಯಾವ ಸರ್ಕಾರ ಅಸಲಿ ಅನ್ನೋದರ ಮೇಲೆ ನಿಂತಿದೆ, ಅಲ್ವಾ? ಅದು ರಾಜಕೀಯದವರು ತೀರ್ಮಾನಿಸಬೇಕಾದ್ದು ಅಂತ ಸುಪ್ರೀಂ ಕೋರ್ಟ್ 1849ರಲ್ಲಿ ಜಾರಿಕೊಂಡಿತು. ಇದಕ್ಕೇ ಪೊಲಿಟಿಕಲ್ ಕ್ವೆಶ್ಚನ್ ಅನ್ನೋದು, ಅದರ ಬಗ್ಗೆ ನಾನು ಮತ್ತೆ ಪ್ರತ್ಯೇಕ ಪಾಠ ಮಾಡಲಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಎಳೆಯ ಮಕ್ಕಳಿಗೆ ವಿದೇಶಿ ಭಾಷೆ ಕಲಿಸಬಾರದು ಅನ್ನೋ ಕಾನೂನಿದ್ದ ನೆಬ್ರಾಸ್ಕಾದಲ್ಲಿ 10 ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ಮೇಷ್ಟ್ರು ರಾಬರ್ಟ್ ಮೇಯರ್‌ಗೆ 25 ಡಾಲರ್ ದಂಡ ಬಿತ್ತು, 1923ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಅದರ ಪಕ್ಕದಲ್ಲೇ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಅಂದ ನಮ್ಮ 2014ರ ಕರ್ನಾಟಕದ ತೀರ್ಪನ್ನೂ ಇಟ್ಟೆ. ಕ್ಲಾಸ್ ಎರಡು ಬಣವಾಗಿ ಎಷ್ಟು ಕೂಗಾಡಿತು ಅಂದರೆ ಪಕ್ಕದ ರೂಮಿನ ಮೇಡಂ ಬಂದು ಬೈದು ಹೋದರು.

ಸಂವಿಧಾನಕ್ಕೆ ಹೊಂದದ ಕಾನೂನನ್ನು ಕೋರ್ಟ್ ರದ್ದು ಮಾಡಬಹುದು ಅಂದ ಮಾರ್ಬರಿ ಕೇಸ್ ಯಾವ ರಾಜ್ಯದ ಜಗಳವೂ ಅಲ್ಲ. ಅದನ್ನು ಎಲ್ಲಿ ತೂರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮುಂದಿನ ಸಲ ಲೂಸಿಯಾನಾಕ್ಕೆ ಜಾಸ್ತಿ ಕ್ಲಾಸ್ ಇಟ್ಟಿದ್ದೇನೆ, ಒಂದೇ ಕಂಪನಿಗೆ ಕಸಾಯಿಖಾನೆ ಹಕ್ಕು ಕೊಟ್ಟದ್ದಕ್ಕೆ ಕಟುಕರು ಹೂಡಿದ 1873ರ ನ್ಯೂ ಆರ್ಲಿಯನ್ಸ್ ಕೇಸ್ ಒಂದಕ್ಕೇ ಎರಡು ವಾರ ಬೇಕು.