ಮಂಗಗಳ ಮಲಪರೀಕ್ಷೆ: ಸ್ಯಾಂಪಲ್ ಎಷ್ಟು ಹೊತ್ತಿನದು?

ಮೈಯಲ್ಲಿ ಜಂತುಹುಳು ಇದ್ದರೂ ಮಂಗ ಅದನ್ನು ತೋರಿಸಿಕೊಳ್ಳುವುದಿಲ್ಲ. ತಿನ್ನುತ್ತದೆ, ಕಚ್ಚಾಡುತ್ತದೆ. ಭೇದಿ ಶುರುವಾಗಿ ಬೆನ್ನುಮೂಳೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಪುನರ್ವಸತಿಗೆ ಬಂದ ಪ್ರತಿ ಮಂಗದ ಮಲವನ್ನೂ ಕ್ವಾರಂಟೈನ್‌ನಲ್ಲಿರುವಾಗಲೇ ನೋಡುತ್ತೇನೆ.

ಬೆಳಿಗ್ಗೆ ಗೂಡು ತೊಳೆಯುವ ಮುಂಚೆ, ನೆಲಕ್ಕೆ ತಾಗದ ಮೇಲ್ಭಾಗದಿಂದ ಐದಾರು ಗ್ರಾಂ ತೆಗೆಯಬೇಕು. ಮಣ್ಣಿಗೆ ತಾಗಿದ ಭಾಗ ತೆಗೆದರೆ ಮಣ್ಣಿನಲ್ಲೇ ಬದುಕುವ ಹುಳುಗಳೂ ಡಬ್ಬಿಗೆ ಬಂದು ದಾರಿ ತಪ್ಪಿಸುತ್ತವೆ. ಒಂದೇ ಗೂಡಿನಲ್ಲಿ ನಾಲ್ಕೈದು ಮಂಗಗಳಿದ್ದರೆ, ನಮಗೆ ಬೇಕಾದ ಮಂಗಕ್ಕೆ ಹಿಂದಿನ ದಿನ ಆಹಾರಕ್ಕೆ ಬಳಸುವ ಬಣ್ಣ ಬೆರೆಸಿದ ಬಾಳೆಹಣ್ಣು ಕೊಡುತ್ತೇನೆ. ಯಾರ ಮಲ ಯಾವುದು ಎಂಬ ವಾದವೇ ಇರುವುದಿಲ್ಲ.

ಡಬ್ಬಿಯ ಮೇಲೆ ಮಂಗದ ಗುರುತಿನ ಜೊತೆ ಗಂಟೆಯನ್ನೂ ಬರೆಯಿರಿ. ಬಹುಪಾಲು ತಪ್ಪು ವರದಿಗಳ ಬೇರು ಇಲ್ಲಿದೆ. ಸ್ಟ್ರಾಂಗೈಲಾಯ್ಡಿಸ್ ಫುಲೆಬೋರ್ನಿ ಎಂಬ ಕರುಳಿನ ಸಣ್ಣ ಹುಳುವಿನ ಮೊಟ್ಟೆ ಹೊರಬೀಳುವಾಗಲೇ ಒಳಗೆ ಮರಿಹುಳು ಇರುತ್ತದೆ, ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಬೆಚ್ಚನೆ ಹವೆಯಲ್ಲಿ ಈಸೊಫ್ಯಾಗೊಸ್ಟೋಮಮ್ ಎಂಬ ಇನ್ನೊಂದು ಕರುಳುಹುಳುವಿನ ಮೊಟ್ಟೆಯೂ ಒಂದೆರಡು ದಿನದೊಳಗೆ ಒಡೆದೀತು. ಸಂಜೆಗೆ ನೋಡಿದರೆ ಸ್ಲೈಡ್ ತುಂಬ ಮರಿಹುಳು, ಯಾವುದರದು ಎಂದು ಹೇಳುವುದು ಕಷ್ಟ. ತಕ್ಷಣ ನೋಡಲಾಗದಿದ್ದರೆ 4 ಡಿಗ್ರಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಒಂದು ಪಾಲನ್ನು ಶೇ. 10ರ ಫಾರ್ಮಲಿನ್‌ನಲ್ಲಿ ಹಾಕಿಡಬಹುದು. ಎಲ್ಲವನ್ನೂ ಅದರಲ್ಲಿ ಹಾಕಿದರೆ ಹುಳುಗಳು ಸತ್ತು, ಜೀವಂತ ಚಲನೆ ನೋಡುವ ಅವಕಾಶ ಹೋಯಿತು.

ಮೊದಲು ನೇರ ಲೇಪ. ಒಂದು ಹನಿ ಸಲೈನ್‌ಗೆ ಬೆಂಕಿಕಡ್ಡಿ ತಲೆಯಷ್ಟು ಮಲ ಸಾಕು. ಲೇಪದ ಕೆಳಗಿಟ್ಟ ಅಚ್ಚಿನ ಅಕ್ಷರ ಓದಲು ಬರಬೇಕು. ಬ್ಯಾಲಂಟಿಡಿಯಂ ಎಂಬ ಏಕಕೋಶಿ ಪರೋಪಜೀವಿ ಇದ್ದರೆ ಸೂಕ್ಷ್ಮದರ್ಶಕದ 10ರ ಲೆನ್ಸ್‌ನಲ್ಲೇ ಉರುಳುತ್ತಾ ಓಡಾಡುವುದು ಕಾಣುತ್ತದೆ. ಪಕ್ಕದಲ್ಲಿ ಅಯೋಡಿನ್ ಹನಿ ಹಾಕಿ 40ರಲ್ಲಿ ಎಂಟಮೀಬಾ ಎಂಬ ಅಮೀಬಾದ ಸಿಸ್ಟ್ (ಗಟ್ಟಿ ಹೊದಿಕೆಯೊಳಗಿನ ರೂಪ) ಹುಡುಕುತ್ತೇನೆ. ನಾಲ್ಕು ನ್ಯೂಕ್ಲಿಯಸ್ ಕಂಡ ಮಾತ್ರಕ್ಕೆ ಆಮಶಂಕೆ ತರುವ ಹಿಸ್ಟೋಲಿಟಿಕಾ ಜಾತಿ ಎಂದು ಬರೆಯಬೇಡಿ. ಡಿಸ್ಪಾರ್, ನಟ್ಟಲ್ಲಿ ಎಂಬ ಬೇರೆ ಜಾತಿಗಳೂ ಕಣ್ಣಿಗೆ ಒಂದೇ. ಬೇರ್ಪಡಿಸಲು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಬೇಕು.

ಆಮೇಲೆ ಮೊಟ್ಟೆಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಮೇಲಕ್ಕೆ ತೇಲಿಸುವ ವಿಧಾನ. ಲೀಟರ್ ಬಿಸಿನೀರಿಗೆ 400 ಗ್ರಾಂ ಉಪ್ಪು ಹಾಕಿ ಆರಿಸಿದಾಗ ತಳದಲ್ಲಿ ಸ್ವಲ್ಪ ಕರಗದೆ ಉಳಿಯಬೇಕು, ಸಾಂದ್ರತೆ 1.20. ಮೂರು ಗ್ರಾಂ ಮಲಕ್ಕೆ 42 ಮಿ.ಲೀ. ದ್ರಾವಣ ಬೆರೆಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಟ್ಯೂಬಿನ ಬಾಯಿ ಉಬ್ಬುವಷ್ಟು ತುಂಬಿ ಕವರ್ ಸ್ಲಿಪ್ ಇಡಿ. ಹತ್ತು-ಹದಿನೈದು ನಿಮಿಷ ಸಾಕು. ಇನ್ನೂ ಬಿಟ್ಟರೆ ತೆಳುಚಿಪ್ಪಿನ ಮೊಟ್ಟೆಗಳು ಕುಗ್ಗಿ ಗುರುತೇ ಸಿಗುವುದಿಲ್ಲ. ಚಾಟಿಹುಳುವಿನ (ಟ್ರೈಕ್ಯುರಿಸ್) ಮೊಟ್ಟೆ ಭಾರ. ಅದರ ಅನುಮಾನವಿದ್ದಾಗ ಸಕ್ಕರೆ ದ್ರಾವಣವೇ ಮೇಲು. ಆ ಮೊಟ್ಟೆಯನ್ನು ಗುರುತಿಸುವುದು ಸುಲಭ: ಕಂದುಬಣ್ಣ, ಎರಡೂ ತುದಿಗೆ ಬಿರಡೆ ಬಡಿದ ಪೀಪಾಯಿಯಂತಹ ಆಕಾರ. ಹೊಸಬರು ಎಡವುವುದು ಪರಾಗಕಣದಲ್ಲಿ, ನುಸಿಯ ಮೊಟ್ಟೆಯಲ್ಲಿ. ನುಸಿಯ ಮೊಟ್ಟೆ ದೊಡ್ಡದು. ಅಳೆದರೆ ಅನುಮಾನ ಹೋಗುತ್ತದೆ.

ಅದೇ ಸೋಸಿದ ಮಿಶ್ರಣವನ್ನು, ಮೊಟ್ಟೆ ಎಣಿಸಲು ಗೆರೆ ಹಾಕಿದ ಮ್ಯಾಕ್‌ಮಾಸ್ಟರ್ ಸ್ಲೈಡಿನ ಎರಡೂ ಕೋಣೆಗೆ ತುಂಬಿ, ಎಣಿಕೆಯ ಮೊತ್ತವನ್ನು 50ರಿಂದ ಗುಣಿಸಿದರೆ ಗ್ರಾಂಗೆ ಇಷ್ಟು ಮೊಟ್ಟೆ ಎಂದು ಸಿಗುತ್ತದೆ. ಇಲ್ಲಿ ಸೊನ್ನೆ ಬಂದರೆ ಹುಳು ಇಲ್ಲವೆಂದಲ್ಲ. ಮೊಟ್ಟೆ ದಿನವೂ ಸಮನಾಗಿ ಬೀಳುವುದಿಲ್ಲ, ಆದ್ದರಿಂದ ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ನೋಡದೆ 'ಇಲ್ಲ' ಎಂದು ಸಹಿ ಹಾಕುವುದಿಲ್ಲ. ಚಪ್ಪಟೆಹುಳುವಿನ (ಫ್ಲೂಕ್) ಮೊಟ್ಟೆಗೆ ತೇಲಿಸುವಿಕೆ ನಂಬಬೇಡಿ, ಗಸಿಯನ್ನೇ ನೋಡಿ.

ಔಷಧದ ಮಾತು ಚಿಕ್ಕದು. ಸ್ಟ್ರಾಂಗೈಲಾಯ್ಡಿಸ್‌ಗೆ ಐವರ್ಮೆಕ್ಟಿನ್, ದೇಹತೂಕದ ಕಿಲೋಗೆ 0.2 ಮಿ.ಗ್ರಾಂ. ಚಾಟಿಹುಳುವಿಗೆ ಅದು ಅಷ್ಟು ನಾಟುವುದಿಲ್ಲ, ಫೆನ್‌ಬೆಂಡಜೋಲ್ ಕೆಲವು ದಿನ ಸತತ ಕೊಡಬೇಕು. ಎರಡು ವಾರಕ್ಕೆ ಮರುಪರೀಕ್ಷೆ.

ಗ್ಲೌಸ್ ಇಲ್ಲದೆ ಯಾವ ಡಬ್ಬಿಯನ್ನೂ ಮುಟ್ಟಬೇಡಿ; ಸ್ಟ್ರಾಂಗೈಲಾಯ್ಡಿಸ್ ಮರಿಹುಳು ಚರ್ಮ ತೂರಿಕೊಂಡು ಒಳಹೋಗುತ್ತದೆ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಸ್ಯಾಂಪಲ್ ಆಸೆಗೆ ಹತ್ತಿರ ಹೋಗುವುದೂ ಬೇಡ. ಮಂಗನ ಕಾಯಿಲೆಯ ವೈರಸ್ ಹೊತ್ತ ಉಣುಗುಗಳು ಆ ದೇಹ ಬಿಟ್ಟು ಸುತ್ತಲೂ ಉದುರಿರುತ್ತವೆ. ಜಾಗ ಗುರುತಿಸಿ ಆರೋಗ್ಯ ಮತ್ತು ಅರಣ್ಯ ಇಲಾಖೆಗೆ ತಿಳಿಸಿ.