ಮನೆಗೆ ಮಗನ ಹೆಸರು ಸೇರಿಸುವ ಮುನ್ನ: ಇಂಗ್ಲೆಂಡಿನ ಜಂಟಿ ಮನೆ ಮತ್ತು ಸಾವಿನ ತೆರಿಗೆ

ಊರಿನಲ್ಲಿ ಗೃಹಪ್ರವೇಶದ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಹಿರಿಯರು ಹೇಳುವುದುಂಟು: "ಮಗನ ಹೆಸರೂ ಸೇರಿಸಿಬಿಡಪ್ಪ, ನಾಳೆ ತಕರಾರು ಬೇಡ." ಅಲ್ಲಿ ಅದು ಬುದ್ಧಿಯ ಮಾತೇ. ಒಂದು ದಾನಪತ್ರ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಧ ದಿನ, ಆಮೇಲೆ ಖಾತೆ ಬದಲಾವಣೆ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಸತ್ತವರ ಮನೆಯಲ್ಲಿ ಸರ್ಕಾರಕ್ಕೂ ಒಂದು ಪಾಲು ಎಂಬ ಯೋಚನೆಯೇ ನಮಗೆ ಬರುವುದಿಲ್ಲ. ಆ ಅಭ್ಯಾಸವನ್ನು ಗಂಟು ಕಟ್ಟಿಕೊಂಡು ಬಂದು ಸ್ಲೌನಲ್ಲೋ ಹ್ಯಾರೋದಲ್ಲೋ ಕೊಂಡ ಮನೆಯ ಮೇಲೆ ಬಿಚ್ಚುತ್ತೇವೆ ನೋಡಿ, ಅಲ್ಲಿ ಎಡವಟ್ಟು. ಇಲ್ಲಿ ಪತ್ರದಲ್ಲಿ ಯಾರ ಹೆಸರಿದೆ, ಯಾವ ರೀತಿಯಲ್ಲಿದೆ ಎಂಬುದರ ಮೇಲೆ ಶೇಕಡಾ 40ರ ಇನ್‌ಹೆರಿಟೆನ್ಸ್ ಟ್ಯಾಕ್ಸ್ (ಐಎಚ್‌ಟಿ, ಅಂದರೆ ಸಾವಿನ ತೆರಿಗೆ) ನಿಂತಿದೆ. (ಮುಂದೆ ಹೇಳುವುದೆಲ್ಲ ಇಂಗ್ಲೆಂಡ್, ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನ ಆಸ್ತಿ ಕಾನೂನೇ ಬೇರೆ.)

ಮೊದಲ ಕೆಲಸ, ನಿಮ್ಮ ಜಂಟಿ ಹೆಸರು ಯಾವ ಬಗೆಯದು ಎಂದು ತಿಳಿದುಕೊಳ್ಳುವುದು. ಒಂದು ಜಾಯಿಂಟ್ ಟೆನೆನ್ಸಿ: ಇಬ್ಬರಿಗೂ ಇಡೀ ಮನೆ ಒಟ್ಟಾಗಿ ಸೇರಿದ್ದು, ಒಬ್ಬರು ಹೋದರೆ ಉಳಿದವರಿಗೆ ತಾನಾಗಿಯೇ ಪೂರ್ತಿ, ವಿಲ್‌ನಲ್ಲಿ ಏನೇ ಬರೆದಿದ್ದರೂ ಅದು ಲೆಕ್ಕಕ್ಕಿಲ್ಲ. ಇನ್ನೊಂದು ಟೆನೆನ್ಸಿ ಇನ್ ಕಾಮನ್: ಒಬ್ಬೊಬ್ಬರಿಗೂ ಪ್ರತ್ಯೇಕ ಹಿಸ್ಸೆ, ಅದು ವಿಲ್ ಪ್ರಕಾರ ಹೋಗುತ್ತದೆ. ಲ್ಯಾಂಡ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ 7 ಪೌಂಡು ಕೊಟ್ಟರೆ ಟೈಟಲ್ ರಿಜಿಸ್ಟರಿನ ಪ್ರತಿ ಸಿಗುತ್ತದೆ. ಅದರ 'ಬಿ' ಭಾಗ, ಅಂದರೆ ಮಾಲೀಕರ ಹೆಸರಿರುವ ಪುಟ ನೋಡಿ. ಹೆಸರುಗಳ ಕೆಳಗೆ, ಒಬ್ಬನೇ ಮಾಲೀಕ ಉಳಿದಾಗ ಕೋರ್ಟಿನ ಆದೇಶವಿಲ್ಲದೆ ಮಾರಾಟವನ್ನು ನೋಂದಾಯಿಸುವಂತಿಲ್ಲ ಎಂಬರ್ಥದ ನಿರ್ಬಂಧವೊಂದು ಇದ್ದರೆ ಬಹುತೇಕ ನಿಮ್ಮದು ಹಿಸ್ಸೆಯ ಬಗೆ. ಇಲ್ಲದಿದ್ದರೆ ಸಾಮಾನ್ಯವಾಗಿ ಜಾಯಿಂಟ್. ಹಿಸ್ಸೆ ಎಷ್ಟೆಷ್ಟು ಎಂದು ಮಾತ್ರ ಆ ಪುಟ ಹೇಳುವುದಿಲ್ಲ. ಅದಕ್ಕೆ ಮನೆ ಕೊಂಡಾಗಿನ ವರ್ಗಾವಣೆ ಪತ್ರವಾದ ಟಿಆರ್ 1 ಫಾರಂನ 10ನೇ ಚೌಕ ಅಥವಾ ಪ್ರತ್ಯೇಕ ಟ್ರಸ್ಟ್ ಪತ್ರ ಹುಡುಕಬೇಕು. ಕೀಲಿಕೈ ಸಿಗುವ ಸಂಭ್ರಮದಲ್ಲಿ ಸಾಲಿಸಿಟರ್ ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಆ ಚೌಕದಲ್ಲಿ ಟಿಕ್ ಯಾರು ಹಾಕಿದರು, ಎಲ್ಲಿ ಹಾಕಿದರು ಎಂದು ನೋಡದವರೇ ನಮ್ಮಲ್ಲಿ ಹೆಚ್ಚು. ಜಾಯಿಂಟ್ ಇದ್ದದ್ದನ್ನು ಹಿಸ್ಸೆ ಮಾಡಲು ಇನ್ನೊಬ್ಬರಿಗೆ ಲಿಖಿತ ನೋಟಿಸ್, ರಿಜಿಸ್ಟ್ರಿಗೆ ಎಸ್‌ಇವಿ ಫಾರಂ. ಶುಲ್ಕವಿಲ್ಲ, ಎದುರಿನವರ ಒಪ್ಪಿಗೆಯೂ ಬೇಕಿಲ್ಲ.

ಗಂಡ ಹೆಂಡತಿ ಇಬ್ಬರೂ ಇಲ್ಲಿ ಬಹುಕಾಲದಿಂದ ಇದ್ದರೆ ಚಿಂತೆ ಕಡಿಮೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಕ್ಕೆ ತೆರಿಗೆಯಿಲ್ಲ. ತೆರಿಗೆರಹಿತ ಮಿತಿ ತಲಾ 3,25,000 ಪೌಂಡು. ವಾಸದ ಮನೆ ಮಕ್ಕಳಿಗೋ ಮೊಮ್ಮಕ್ಕಳಿಗೋ ಹೋದರೆ ಇನ್ನೂ 1,75,000. ಮೊದಲು ಹೋದವರು ಬಳಸದ್ದನ್ನು ಎರಡನೆಯವರ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಒಟ್ಟು 10 ಲಕ್ಷ ಪೌಂಡು. ಆಸ್ತಿ 20 ಲಕ್ಷ ದಾಟಿದರೆ ದಾಟಿದ ಪ್ರತಿ 2 ಪೌಂಡಿಗೆ ಮನೆಯ ಮಿತಿಯಲ್ಲಿ 1 ಪೌಂಡು ಕರಗುತ್ತದೆ. ಆದರೆ ಈ ವರ್ಗಾವಣೆ ತಾನಾಗಿ ಆಗುವುದಿಲ್ಲ, ಕೇಳಿ ಪಡೆಯಬೇಕು. ಕೇಳುವಾಗ ಮದುವೆ ಪ್ರಮಾಣಪತ್ರದ ಪ್ರತಿ ಲಗತ್ತಿಸಬೇಕು. ಎಪ್ಪತ್ತು ಎಂಬತ್ತರ ದಶಕದಲ್ಲಿ ಛತ್ರದಲ್ಲಿ ಮದುವೆಯಾದ ಎಷ್ಟೋ ದಂಪತಿಗಳ ಹತ್ತಿರ ಇರುವುದು ಅರಿಶಿನ ಹಚ್ಚಿದ ಲಗ್ನಪತ್ರಿಕೆಯೊಂದೇ. ಇಬ್ಬರೂ ಇರುವಾಗಲೇ ಊರಿಗೆ ಹೋದ ರಜೆಯಲ್ಲಿ ಮದುವೆ ನೋಂದಣಿ ಮಾಡಿಸಿಬಿಡಿ. ಒಬ್ಬರೇ ಉಳಿದ ಮೇಲೆ ಆ ಕೆಲಸ ಬಹಳ ಕಷ್ಟ.

ನಿಜವಾದ ಗುಂಡಿ ಇರುವುದು ಒಬ್ಬರು ಹಳಬರು, ಇನ್ನೊಬ್ಬರು ಹೊಸಬರಾದಾಗ. 2025ರ ಏಪ್ರಿಲ್ 6ರಿಂದ ಡಾಮಿಸೈಲ್ (ಕಾನೂನಿನ ಕಣ್ಣಿನಲ್ಲಿ ನಿಮ್ಮ ಶಾಶ್ವತ ನೆಲೆ) ಬದಲು ವಾಸದ ಲೆಕ್ಕ ಬಂದಿದೆ: ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಇಲ್ಲಿದ್ದವರು ದೀರ್ಘಾವಧಿ ನಿವಾಸಿ, ಅವರ ಜಗತ್ತಿನ ಎಲ್ಲ ಆಸ್ತಿಯೂ ತೆರಿಗೆ ವ್ಯಾಪ್ತಿಗೆ. ಗಂಡ ಹದಿಮೂರು ವರ್ಷದಿಂದ ಇಲ್ಲಿದ್ದಾನೆ, ಹೆಂಡತಿ ಬಂದು ನಾಲ್ಕು ವರ್ಷ ಎಂದಿಟ್ಟುಕೊಳ್ಳಿ. ಅವನ ಅರ್ಧ ಮನೆ 4 ಲಕ್ಷ, ಉಳಿತಾಯ ಇತ್ಯಾದಿ 5 ಲಕ್ಷ, ಎಲ್ಲ ಅವಳಿಗೆ. ಇಂಥ ಹೆಂಡತಿಗೆ ವಿನಾಯಿತಿ 3,25,000 ಮಾತ್ರ, ಅವನ ಸ್ವಂತ ಮಿತಿ ಇನ್ನೊಂದು 3,25,000. ಮಿಕ್ಕ 2,50,000ಕ್ಕೆ ಶೇಕಡಾ 40, ಅಂದರೆ 1 ಲಕ್ಷ ಪೌಂಡು. ಮನೆ ಮಕ್ಕಳಿಗೆ ಹೋಗದ್ದರಿಂದ ಮನೆಯ ಮಿತಿಯೂ ಇಲ್ಲ. ಸಾವಾದ ಎರಡು ವರ್ಷದೊಳಗೆ ಅವಳು ತನ್ನನ್ನೂ ದೀರ್ಘಾವಧಿ ನಿವಾಸಿಯೆಂದು ಪರಿಗಣಿಸಿ ಎಂದು ಬರೆದುಕೊಟ್ಟರೆ ಪೂರ್ತಿ ವಿನಾಯಿತಿ ಸಿಗುತ್ತದೆ. ಆದರೆ ಆಗ ತವರಿನಿಂದ ಬಂದ ಮೈಸೂರಿನ ಸೈಟೂ ಇಲ್ಲಿನ ತೆರಿಗೆಯ ಕಣ್ಣಿಗೆ ಬೀಳುತ್ತದೆ. ಎರಡನ್ನೂ ತಕ್ಕಡಿಗಿಟ್ಟು ತೂಗಿಯೇ ಸಹಿ ಹಾಕಬೇಕು.

ಇನ್ನು ಮಗನ ಹೆಸರು. ಗಂಡ ತೀರಿಕೊಂಡ ತಾಯಿ 6 ಲಕ್ಷದ ಮನೆಗೆ ಮಗನ ಹೆಸರು ಸೇರಿಸಿ ಅರ್ಧ ಕೊಟ್ಟಳು. ಏಳು ವರ್ಷ ಬದುಕಿದರೆ ದಾನ ಲೆಕ್ಕದಿಂದ ಹೊರಗೆ ಎಂದು ಯಾರೋ ಹೇಳಿದ್ದರು. ಕೊಟ್ಟ ಮೇಲೂ ಅದೇ ಮನೆಯಲ್ಲಿ ತಾನೇ ಇದ್ದರೆ ಅದು ಕೊಟ್ಟ ಹಾಗಲ್ಲ ಎನ್ನುತ್ತದೆ 1986ರ ಫೈನಾನ್ಸ್ ಆಕ್ಟ್. ಏಳಲ್ಲ, ಇಪ್ಪತ್ತು ವರ್ಷ ಬದುಕಿದರೂ ಆ ಅರ್ಧ ಅವಳದೇ ಲೆಕ್ಕಕ್ಕೆ. ಒಂದು ಕಿಂಡಿ ಇದೆ: ತಾಯಿ ಮಗ ಇಬ್ಬರೂ ಅಲ್ಲೇ ವಾಸವಿದ್ದು, ತಾಯಿ ತನ್ನ ಪಾಲಿನ ಖರ್ಚನ್ನು ತಾನೇ ಹಾಕುತ್ತಿರಬೇಕು. ಮಗ ಎಲ್ಲ ಬಿಲ್ಲು ಕಟ್ಟಿದರೆ ತಾಯಿ ದಾನದಿಂದ ಲಾಭ ಪಡೆದಂತಾಗುತ್ತದೆ. ನಮ್ಮ ಮನೆಗಳಲ್ಲಿ ಇದು ನಡೆಯುವ ಮಾತೇ? ದುಡಿಯುವ ಮಗ ಅಮ್ಮನ ಹತ್ತಿರ ಗ್ಯಾಸು, ಕರೆಂಟು, ಕೌನ್ಸಿಲ್ ಟ್ಯಾಕ್ಸಿಗೆ ಅರ್ಧರ್ಧ ವಸೂಲು ಮಾಡುತ್ತಾನೆಯೇ? ಮಾಡಿದರೆ ಊರಿನಲ್ಲಿ ನಾಲ್ಕು ಜನ ಏನೆನ್ನಬೇಡ! ಆದರೂ ತಾಯಿಯ ಖಾತೆಯಿಂದ ತಿಂಗಳಿಗೊಂದು ಸ್ಟ್ಯಾಂಡಿಂಗ್ ಆರ್ಡರ್ ಇರಲಿ. ನಾಳೆ ಸಾಕ್ಷಿ ಅದೇ. ಮಗ ಕೆಲಸ ಸಿಕ್ಕಿ ಮ್ಯಾಂಚೆಸ್ಟರಿಗೆ ಹೊರಟ ದಿನ ಕಿಂಡಿ ಮುಚ್ಚಿತು. ಮಕ್ಕಳು ಹೊರಡುತ್ತಾರೆ, ಅದಕ್ಕೆಂದೇ ಓದಿಸಿದ್ದು. ಅವಿಭಕ್ತ ಕುಟುಂಬವನ್ನು ನಂಬಿ ಮಾಡಿದ ಯೋಜನೆಗೆ ಈ ದೇಶದಲ್ಲಿ ಆಯುಷ್ಯ ಕಡಿಮೆ.

ಹಾನಿ ಅಲ್ಲಿಗೆ ನಿಲ್ಲುವುದಿಲ್ಲ. ತಾಯಿ ತೀರಿಕೊಂಡಾಗ ಮನೆ 8 ಲಕ್ಷ ಎನ್ನಿ. ಮಗನ ಅರ್ಧ, ಅಂದರೆ 4 ಲಕ್ಷ, ತಾಯಿಯ ಆಸ್ತಿಗೆ ಸೇರಿತು. ಮಗ ಅದನ್ನು ಮಾರಿದರೆ ಅವನ ಖರೀದಿ ಬೆಲೆ ದಾನದ ದಿನದ 3 ಲಕ್ಷವೇ. 1 ಲಕ್ಷ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ಶೇಕಡಾ 18 ಅಥವಾ 24, ಅವನು ಅಲ್ಲಿ ವಾಸವಿದ್ದ ವರ್ಷಗಳಷ್ಟು ರಿಯಾಯಿತಿ ಕಳೆದು. ವಿಲ್ ಮೂಲಕ ಬಂದಿದ್ದರೆ ಸಾವಿನ ದಿನದ ಬೆಲೆಯೇ ಖರೀದಿ ಬೆಲೆಯಾಗಿ ಈ ತೆರಿಗೆ ಸೊನ್ನೆ. ಜೊತೆಗೆ ಅವನು ಮ್ಯಾಂಚೆಸ್ಟರಿನಲ್ಲಿ ಕೊಳ್ಳುವ ಮನೆಗೆ ಮೊದಲ ಮನೆಯ ರಿಯಾಯಿತಿ ಹೋಯಿತು, ಎರಡನೇ ಮನೆಯೆಂದು ಸ್ಟ್ಯಾಂಪ್ ಡ್ಯೂಟಿಯ ಜೊತೆಗೆ ಮನೆ ಬೆಲೆಯ ಶೇಕಡಾ 5 ಹೆಚ್ಚುವರಿ ಬಿತ್ತು. ಮಗನ ವಿಚ್ಛೇದನವೋ ದಿವಾಳಿಯೋ ಆದರೆ ತಾಯಿ ಮಲಗುವ ಕೋಣೆಯೂ ಲೆಕ್ಕಕ್ಕೆ ಬಂತು. 10 ಲಕ್ಷದೊಳಗಿನ ಆಸ್ತಿಯ ಸಾಮಾನ್ಯ ಕುಟುಂಬ ಇಷ್ಟೆಲ್ಲ ಮಾಡಿಕೊಂಡದ್ದು ಬರದೇ ಹೋಗುತ್ತಿದ್ದ ತೆರಿಗೆಗೆ ಹೆದರಿ. ಎರಡು ಪುಟದ ವಿಲ್ ಸಾಕಾಗಿತ್ತು.

ಅಣ್ಣ ತಂಗಿ, ಸ್ನೇಹಿತರು ಸೇರಿ ಕೊಂಡ ಮನೆಯ ಕಥೆ ಇನ್ನೊಂದು. ದಂಪತಿಯ ವಿನಾಯಿತಿ ಇವರಿಗಿಲ್ಲ. ಒಟ್ಟಿಗೆ ಬಾಳಿದ ಬರ್ಡನ್ ಸಹೋದರಿಯರು ಇದಕ್ಕಾಗಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2008ರಲ್ಲಿ ಸೋತರು. ಆದರೆ ಅರ್ಧ ಮನೆಯ ಬೆಲೆ ಮನೆಯ ಬೆಲೆಯ ಅರ್ಧ ಅಲ್ಲ: ಇನ್ನೊಬ್ಬರು ಒಳಗೆ ವಾಸವಿರುವ ಅರ್ಧವನ್ನು ಯಾರು ಪೂರ್ತಿ ಬೆಲೆಗೆ ಕೊಳ್ಳುತ್ತಾರೆ? ಅದಕ್ಕೆ ಶೇಕಡಾ 15 ಕಡಿತ ಕೇಳಬಹುದು, ಸಹಮಾಲೀಕ ಅಲ್ಲಿ ವಾಸವಿಲ್ಲದಿದ್ದರೆ 10. ಮಿಲ್ಟನ್ ಕೀನ್ಸ್‌ನಲ್ಲಿ 7 ಲಕ್ಷದ ಮನೆ, ಅವಿವಾಹಿತ ಅಣ್ಣನ ಅರ್ಧ 3,50,000, ಉಳಿತಾಯ 1 ಲಕ್ಷ. ಕಡಿತವಿಲ್ಲದೆ ತೆರಿಗೆ 50,000. ಶೇಕಡಾ 15 ಕಳೆದರೆ ಅರ್ಧದ ಬೆಲೆ 2,97,500, ತೆರಿಗೆ 29,000. ಕೇಳದಿದ್ದರೆ 21,000 ಪೌಂಡು ಹೋಯಿತು. (ದಂಪತಿಗಳಿಗೆ ಈ ಕಡಿತ ಇಲ್ಲ, ಇಬ್ಬರ ಪಾಲನ್ನೂ ಒಟ್ಟಿಗೇ ಅಳೆಯುತ್ತಾರೆ.) ಜಾಯಿಂಟ್ ಟೆನೆನ್ಸಿಯಾಗಿದ್ದರೆ, ವಿಲ್ ಬೇರೆ ಹೇಳದ ಹೊರತು, ಮನೆಯ ಪಾಲಿನ ತೆರಿಗೆ ತಂಗಿಯ ತಲೆಯ ಮೇಲೆ. ಮನೆ ಸಿಕ್ಕಿತು, ಕೈಯಲ್ಲಿ ಕಾಸಿಲ್ಲ ಎನ್ನುವವರು ಹತ್ತು ವಾರ್ಷಿಕ ಕಂತು ಕೇಳಬಹುದು. ಬಡ್ಡಿ ಇದೆ, ಮನೆ ಮಾರಿದ ದಿನ ಬಾಕಿಯೆಲ್ಲ ಒಟ್ಟಿಗೇ.

ಕಾಗದಪತ್ರ ಚುಟುಕಾಗಿ: ಮುಖ್ಯ ಫಾರಂ ಐಎಚ್‌ಟಿ 400, ಜಂಟಿ ಆಸ್ತಿಗೆ 404, ಮನೆಗೆ 405, ಗಂಡ/ಹೆಂಡತಿಯ ಮಿತಿಗೆ 402 ಮತ್ತು 436, ಮನೆಯ ಮಿತಿಗೆ 435, ಹೊರದೇಶದ ಆಸ್ತಿಗೆ 417. ಫಾರಂಗೆ 12 ತಿಂಗಳು, ಹಣಕ್ಕೆ ಸತ್ತ ತಿಂಗಳ ನಂತರದ ಆರನೇ ತಿಂಗಳ ಕೊನೆ. ಜನವರಿಯಲ್ಲಾದರೆ ಜುಲೈ 31. ಜಾಯಿಂಟ್ ಮನೆಯ ರಿಜಿಸ್ಟರಿನಿಂದ ಸತ್ತವರ ಹೆಸರು ತೆಗೆಸಲು ಡಿಜೆಪಿ ಫಾರಂ, ಉಚಿತ.

ಕೊನೆಗೆ ಆ 417. ಹಾಸನದ ಹಳ್ಳಿಯಲ್ಲಿ ಅಣ್ಣತಮ್ಮಂದಿರ ಜೊತೆ ಭಾಗವಾಗದೆ ಉಳಿದ ಮನೆ, ತೋಟ. ದೀರ್ಘಾವಧಿ ನಿವಾಸಿಯಾದವರ ಆ ಪಾಲೂ ಇಲ್ಲಿ ತೋರಿಸಬೇಕಾದದ್ದೇ. ಭಾರತ ಬ್ರಿಟನ್ ನಡುವೆ 1956ರ ಎಸ್ಟೇಟ್ ಡ್ಯೂಟಿ ಒಪ್ಪಂದ ಇನ್ನೂ ಜೀವಂತವಿದೆ. ಭಾರತದ ಡಾಮಿಸೈಲ್ ಉಳಿಸಿಕೊಂಡವರ ಅಲ್ಲಿನ ಆಸ್ತಿಗೆ ಅದು ರಕ್ಷಣೆ ಕೊಡಬಲ್ಲದು, ಆದರೆ ಆ ಆಸ್ತಿಯನ್ನು ಇಲ್ಲಿನ ವಿಲ್‌ಗೆ ತುರುಕಿದರೆ ಆ ರಕ್ಷಣೆ ಜಾರುತ್ತದೆ. ಊರಿನ ಆಸ್ತಿಗೆ ಊರಿನದೇ ಪ್ರತ್ಯೇಕ ವಿಲ್ ಮಾಡಿಸಿ, ಎರಡನೆಯದು ಮೊದಲನೆಯದನ್ನು ರದ್ದು ಮಾಡದ ಹಾಗೆ ಬರೆಸಿ. ಪಹಣಿ, ಇ.ಸಿ., ವಂಶವೃಕ್ಷ ತೆಗೆಸಿಡಿ. ಅಜ್ಜನ ಹೆಸರಿನಲ್ಲೇ ನಿಂತ ಖಾತೆಗೆ ಪೌತಿ ಖಾತೆ ಮಾಡಿಸಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಹಾಳೆ ಇಡಿ: ಸರ್ವೆ ನಂಬರು, ಚಕ್ಕುಬಂದಿ, ಯಾವ ಕಡೆ ದೊಡ್ಡಪ್ಪನ ಗದ್ದೆ, ಯಾವ ಕಡೆ ಕೆರೆ ಏರಿ. ಈ ಕಡತ ತೆರೆಯುವವರು ಇಲ್ಲಿ ಹುಟ್ಟಿದ ಮಕ್ಕಳು. ಅವರಿಗೆ ಪಹಣಿ ಓದಲು ಬರುವುದಿಲ್ಲ.